ಯಂತ್ರದ ಜೊತೆ ತಿಳಿವಳಿಕೆಯೂ ಬರುತ್ತದೆಯೇ? ಡಿಜಿಟಲ್ ಕಾರ್ಖಾನೆಗಳು ಬಿಡಿಸಬೇಕಾದ ಒಗಟು

ದಕ್ಷಿಣ ಭಾರತದ ಐಫೋನ್ ಕಾರ್ಖಾನೆಗಳಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಚೀನೀ ಎಂಜಿನಿಯರುಗಳು ಮತ್ತು ತಂತ್ರಜ್ಞರನ್ನು, ಆಪಲ್‌ಗೆ ಫೋನ್ ಜೋಡಿಸಿಕೊಡುವ ತೈವಾನಿನ ಫಾಕ್ಸ್‌ಕಾನ್ ಕಂಪನಿ ಹಿಂದಕ್ಕೆ ಕರೆಸಿಕೊಳ್ಳುತ್ತಿದೆ ಎಂದು 2025ರ ಜುಲೈ ಮೊದಲ ವಾರ ಬ್ಲೂಮ್‌ಬರ್ಗ್ ವರದಿ ಮಾಡಿತು. ಕಂಪನಿ ಬಹಿರಂಗವಾಗಿ ಕಾರಣ ಹೇಳಲಿಲ್ಲ. ಭಾರತ ಮತ್ತು ಆಗ್ನೇಯ ಏಷ್ಯಾದ ದೇಶಗಳಿಗೆ ತಂತ್ರಜ್ಞಾನ, ಯಂತ್ರೋಪಕರಣ ಮತ್ತು ಪರಿಣತರು ಹೋಗದಂತೆ ನೋಡಿಕೊಳ್ಳಲು ಚೀನಾದ ಅಧಿಕಾರಿಗಳು ಬಾಯಿಮಾತಿನಲ್ಲಿ ಸೂಚಿಸಿದ್ದಾರೆ ಎಂಬ ಸುದ್ದಿ ಅದಕ್ಕೂ ಮೊದಲೇ, ಅದೇ ವರ್ಷದ ಆರಂಭದಲ್ಲಿ ಬಂದಿತ್ತು. ಇದರಿಂದ ಉತ್ಪಾದನೆಗೆ ದೊಡ್ಡ ತೊಂದರೆಯಾಗದು ಎಂದು ಭಾರತದ ಅಧಿಕಾರಿಗಳು ಹೇಳಿದರೆ, ಹೊಸ ಮಾದರಿಯ ಫೋನ್ ತಯಾರಿಕೆ ತಡವಾಗಬಹುದು ಎಂದು ಉದ್ಯಮದ ವಿಶ್ಲೇಷಕರು ಹೇಳಿದರು.

ಓದುಗರಿಗೆ ಗೊಂದಲವಾದದ್ದು ಇಲ್ಲಿಯೇ. ಆ ಕಾರ್ಖಾನೆಗಳಲ್ಲಿ ಹತ್ತಾರು ಸಾವಿರ ಮಂದಿ ದುಡಿಯುತ್ತಾರೆ, ಅವರಲ್ಲಿ ಬಹುಪಾಲು ಭಾರತೀಯರು. ಯಂತ್ರಗಳು ಬಂದು ಕೂತಿವೆ, ನಕ್ಷೆಗಳೂ ಕಂಪ್ಯೂಟರ್ ಪ್ರೋಗ್ರಾಂಗಳೂ ಕೈಯಲ್ಲಿವೆ, ಎಂಜಿನಿಯರಿಂಗ್ ಪದವೀಧರರಿಗೆ ನಮ್ಮಲ್ಲಿ ಬರವಿಲ್ಲ. ಹೀಗಿರುವಾಗ ಮುನ್ನೂರು ಮಂದಿ ಹೋದರೆ ಅದೇಕೆ ಎರಡು ದೇಶಗಳ ನಡುವಿನ ವಿಷಯವಾಗಬೇಕು? ಹಾಗೆ ಹೋದವರ ತಲೆಯಲ್ಲಿಯೂ ಕೈಯಲ್ಲಿಯೂ ಇದ್ದ ತಿಳಿವಳಿಕೆ ಎಂಥದು, ಅದನ್ನು ಉಳಿಸಿಕೊಳ್ಳಲು ಕಂಪನಿಗಳು ಏನು ಮಾಡುತ್ತವೆ ಎಂಬುದನ್ನು ನೋಡದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಆಡಳಿತ ಶಾಸ್ತ್ರದಲ್ಲಿ ಇದಕ್ಕೆ ಜ್ಞಾನ ನಿರ್ವಹಣೆ ಎಂಬ ಹೆಸರಿದೆ. ಕೇಳಲು ಒಣ ವಿಷಯವೆನಿಸಿದರೂ, ಕೋಟಿಗಟ್ಟಲೆ ಕೊಟ್ಟು ತಂದ ಯಂತ್ರ ಫಲ ಕೊಡುವುದೂ ಕೊಡದಿರುವುದೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಲೈನ್ ಎಬ್ಬಿಸುವವರು

ಫೋನ್ ಕಾರ್ಖಾನೆಯಲ್ಲಿ ಪ್ರತಿವರ್ಷ ಹೊಸ ಮಾದರಿ ಬರುತ್ತದೆ, ಅದರೊಂದಿಗೆ ಫೋನ್ ಜೋಡಿಸುವ ಸಾಲು, ಅಂದರೆ ಲೈನ್ ಕೂಡ ಬಹುಪಾಲು ಹೊಸದಾಗುತ್ತದೆ. ಬಿಡಿಭಾಗಗಳನ್ನು ಹಿಡಿದಿಡುವ ಜಿಗ್ ಮತ್ತು ಫಿಕ್ಸ್ಚರ್‌ಗಳು ಬದಲಾಗುತ್ತವೆ. ಅಂಟು ಎಷ್ಟು, ಯಾವ ವೇಗದಲ್ಲಿ ಬೀಳಬೇಕು, ಸಾಸಿವೆ ಗಾತ್ರದ ಸ್ಕ್ರೂ ಎಷ್ಟು ಬಿಗಿಯಾಗಬೇಕು, ಕ್ಯಾಮೆರಾ ಮಾಡ್ಯೂಲ್ ಯಾವ ಕೋನದಲ್ಲಿ ಕೂರಬೇಕು ಎಂಬುದನ್ನೆಲ್ಲ ಮತ್ತೆ ಹೊಂದಿಸಬೇಕಾಗುತ್ತದೆ. ಮೊದಲ ದಿನಗಳಲ್ಲಿ ಲೈನ್‌ನಿಂದ ಹೊರಬರುವ ಫೋನುಗಳಲ್ಲಿ ಪರೀಕ್ಷೆಯಲ್ಲಿ ಪಾಸಾಗುವವು ಕಡಿಮೆ. ಆ ಪ್ರಮಾಣವನ್ನು ಕೆಲವೇ ವಾರಗಳಲ್ಲಿ ಲಾಭ ತರುವ ಮಟ್ಟಕ್ಕೆ ಏರಿಸಬೇಕು, ಏಕೆಂದರೆ ಬಿಡುಗಡೆಯ ದಿನಾಂಕ ಕಾಯುವುದಿಲ್ಲ. ಹಿಂದಕ್ಕೆ ಹೋದ ಎಂಜಿನಿಯರುಗಳ ಕಸುಬು ಇದೇ ಆಗಿತ್ತು. ಹಲವು ಮಾದರಿಗಳ ಲೈನ್‌ಗಳನ್ನು ಎಬ್ಬಿಸಿದ ಅನುಭವದಿಂದ, ದೋಷವೊಂದು ಕಂಡ ಕೂಡಲೇ ಯಾವ ಸ್ಟೇಷನ್‌ಗೆ ಹೋಗಿ ಏನನ್ನು ನೋಡಬೇಕೆಂಬುದು ಅವರಿಗೆ ತಿಳಿದಿತ್ತು.

ಚೀನಾಕ್ಕೆ ಹೋಗುವುದು ಕೂಲಿ ಅಗ್ಗವೆಂದಲ್ಲ, ಅಲ್ಲಿ ಕೌಶಲ ಒಂದೇ ಕಡೆ ದಟ್ಟವಾಗಿ ನೆಲೆಸಿರುವುದರಿಂದ ಎಂದು ಆಪಲ್ ಮುಖ್ಯಸ್ಥ ಟಿಮ್ ಕುಕ್ 2017ರಲ್ಲಿ ಹೇಳಿದ್ದರು. ತಯಾರಿಕೆಗೆ ಬೇಕಾದ ಅಚ್ಚು, ಸಲಕರಣೆಗಳನ್ನು ರೂಪಿಸುವ ಅಮೆರಿಕದ ಟೂಲಿಂಗ್ ಎಂಜಿನಿಯರುಗಳೆಲ್ಲ ಸೇರಿದರೆ ಒಂದು ಸಭಾಕೊಠಡಿ ತುಂಬುವುದೂ ಅನುಮಾನ, ಚೀನಾದಲ್ಲಾದರೆ ಹಲವು ಫುಟ್‌ಬಾಲ್ ಮೈದಾನಗಳೇ ತುಂಬುತ್ತವೆ ಎಂಬುದು ಅವರ ಮಾತಿನ ಸಾರ. ಅಂಥ ದಟ್ಟಣೆಯ ಬೆಲೆ ಚೀನಾದ ಸರ್ಕಾರಕ್ಕೂ ಗೊತ್ತಿದೆ. ಅಪರೂಪದ ಲೋಹಗಳಿಂದ ಅಯಸ್ಕಾಂತ ತಯಾರಿಸುವ ತಂತ್ರಜ್ಞಾನದ ರಫ್ತನ್ನು ಅದು 2023ರ ಡಿಸೆಂಬರ್‌ನಲ್ಲಿ ನಿರ್ಬಂಧಿಸಿತು. 2025ರ ಜುಲೈನಲ್ಲಿ ಬ್ಯಾಟರಿಯ ಕ್ಯಾಥೋಡ್ ತಯಾರಿಕೆಯ ಕೆಲವು ವಿಧಾನಗಳೂ ನಿಯಂತ್ರಣದ ಪಟ್ಟಿ ಸೇರಿದವು. ವಸ್ತುವಿನ ಜೊತೆಗೆ ಅದನ್ನು ತಯಾರಿಸುವ ಬಗೆಯೂ ಈಗ ಗಡಿಯಲ್ಲಿ ತಡೆಯುವ ಸರಕಾಗಿದೆ.

ಬರೆದಿಡಬಹುದಾದದ್ದು, ಬರೆದಿಡಲಾಗದ್ದು

ಮನುಷ್ಯ ತಾನು ಬಾಯಿಬಿಟ್ಟು ಹೇಳಬಲ್ಲುದಕ್ಕಿಂತ ಹೆಚ್ಚನ್ನು ಬಲ್ಲ ಎಂಬ ಸಂಗತಿಯನ್ನು ವಿಜ್ಞಾನಿಯೂ ತತ್ತ್ವಚಿಂತಕನೂ ಆಗಿದ್ದ ಮೈಕೆಲ್ ಪೊಲಾನಿ 1960ರ ದಶಕದಲ್ಲಿ ವಿವರವಾಗಿ ಚರ್ಚಿಸಿದ್ದರು. ನಕ್ಷೆ, ಸೂತ್ರ, ಕಾರ್ಯವಿಧಾನದ ಕಡತ, ಪ್ರೋಗ್ರಾಂ ಇವೆಲ್ಲ ವ್ಯಕ್ತ ಜ್ಞಾನ. ಇವನ್ನು ಇಮೇಲ್‌ನಲ್ಲಿ ಕಳಿಸಬಹುದು. ಶಬ್ದ ಕೇಳಿ ಬೇರಿಂಗ್ ಹೋಗುತ್ತಿದೆ ಎಂದು ಗುರುತಿಸುವುದು, ಲೋಹ ಕಡೆಯುವಾಗ ಏಳುವ ಸಿಪ್ಪೆಯ ಬಣ್ಣ ನೋಡಿ ಟೂಲ್ ಬದಲಿಸುವುದು ಅವ್ಯಕ್ತ ಜ್ಞಾನ. ಇದು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಹೆಚ್ಚಾಗಿ ಜೊತೆಯಲ್ಲಿ ನಿಂತು ಕೆಲಸ ಮಾಡಿದಾಗ ಮಾತ್ರ.

ಕಂಪನಿಗಳ ಜ್ಞಾನದ ಬಗ್ಗೆ ಬಹಳ ಕೆಲಸ ಮಾಡಿದ ಜಪಾನಿನ ವಿದ್ವಾಂಸ ಇಕುಜಿರೊ ನೊನಾಕಾ ಒಂದು ಉದಾಹರಣೆ ಕೊಡುತ್ತಿದ್ದರು. 1985ರ ಸುಮಾರಿಗೆ ಒಸಾಕಾದ ಮತ್ಸುಶಿತ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರವನ್ನು ರೂಪಿಸುತ್ತಿತ್ತು. ಯಂತ್ರದ ಬ್ರೆಡ್ ಹೊರಗೆ ಸೀದು, ಒಳಗೆ ಹಸಿಯಾಗಿ ಉಳಿಯುತ್ತಿತ್ತು. ಯಂತ್ರ ನಾದಿದ ಹಿಟ್ಟನ್ನೂ ನುರಿತವರು ನಾದಿದ ಹಿಟ್ಟನ್ನೂ ಎಕ್ಸ್‌ರೇ ತೆಗೆದು ಹೋಲಿಸಿದರೂ ಪ್ರಯೋಜನವಾಗಲಿಲ್ಲ. ಆಗ ಸಾಫ್ಟ್‌ವೇರ್ ವಿಭಾಗದ ಇಕುಕೊ ತನಾಕಾ, ಒಳ್ಳೆಯ ಬ್ರೆಡ್ಡಿಗೆ ಹೆಸರಾಗಿದ್ದ ಹೋಟೆಲೊಂದರ ಮುಖ್ಯ ಬೇಕರ್ ಬಳಿ ಶಿಷ್ಯವೃತ್ತಿಗೆ ಸೇರಿ ಹಿಟ್ಟು ನಾದುವುದನ್ನು ಕಲಿತರು. ಆತ ಹಿಟ್ಟನ್ನು ಎಳೆಯುವಾಗಲೇ ಒಂದು ಬಗೆಯಲ್ಲಿ ತಿರುಚುತ್ತಾನೆಂಬುದು ಅವರ ಕಣ್ಣಿಗೆ ಬಿತ್ತು. ಎಂಜಿನಿಯರುಗಳ ಜೊತೆ ಕೂತು ಪ್ರಯೋಗ ನಡೆಸಿ, ಯಂತ್ರದ ಒಳಗೋಡೆಗೆ ವಿಶೇಷ ಏಣುಗಳನ್ನು ಸೇರಿಸಿದ ಮೇಲೆ ಬ್ರೆಡ್ ಸರಿಯಾಯಿತು. ತಾನು ಹಾಗೆ ತಿರುಚುತ್ತೇನೆಂದು ಬೇಕರ್ ತಾನಾಗಿ ಹೇಳಿರಲಿಲ್ಲ, ಬಹುಶಃ ಹೇಳಲು ಆತನಿಗೆ ತೋಚುತ್ತಲೂ ಇರಲಿಲ್ಲ. ನಾಲ್ಕು ದಶಕ ಕಳೆದರೂ ಈ ಪ್ರಸಂಗ ಹಳತಾಗಿಲ್ಲ. ಏಕೆಂದರೆ ಇಂದಿನ ಡಿಜಿಟಲ್ ಕಾರ್ಖಾನೆಯೂ ಮಾಡಹೊರಟಿರುವುದು ಇದನ್ನೇ, ಸಾವಿರ ಪಟ್ಟು ದೊಡ್ಡ ಪ್ರಮಾಣದಲ್ಲಿ.

ಸೆನ್ಸರ್‌ಗೆ ಕಾಣುವುದೆಷ್ಟು?

ಇಂಡಸ್ಟ್ರಿ 4.0 ಎಂಬ ಹೆಸರು ಜರ್ಮನಿಯಲ್ಲಿ 2011ರಲ್ಲಿ ಹುಟ್ಟಿತು. ಯಂತ್ರಗಳಿಗೆ ಸೆನ್ಸರ್ ಜೋಡಿಸಿ, ಅವು ಕೊಡುವ ದತ್ತಾಂಶವನ್ನು ಜಾಲದಲ್ಲಿ ಸೇರಿಸಿ, ಕಂಪ್ಯೂಟರಿನಲ್ಲಿ ಯಂತ್ರದ ಪಡಿಯಚ್ಚನ್ನು ಇಟ್ಟುಕೊಂಡು, ಮುಂದೆ ಆಗುವುದನ್ನು ಮೊದಲೇ ಊಹಿಸುವುದು ಇದರ ತಿರುಳು. ಇದರಿಂದ ಅನುಭವಿಗಳ ಮೇಲಿನ ಅವಲಂಬನೆ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಅನೇಕ ಮಾಲೀಕರು ನಂಬಿದ್ದಾರೆ. ಹತ್ತಿರದಿಂದ ನೋಡಿದರೆ ವಿಷಯ ಅಷ್ಟು ಸರಳವಾಗಿಲ್ಲ.

ಬೆಳಗಿನ ಶಿಫ್ಟ್‌ನಲ್ಲಿ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಯಂತ್ರ) ಶುರುವಾದಾಗ ಅದರ ಸ್ಪಿಂಡಲ್, ಅಂದರೆ ತಿರುಗುವ ದಂಡ, ತಣ್ಣಗಿರುತ್ತದೆ. ಓಡುತ್ತ ಬಿಸಿಯಾದಂತೆ ಸ್ಪಿಂಡಲ್ಲೂ ಬಾಲ್‌ಸ್ಕ್ರೂವೂ ಕೆಲವು ಮೈಕ್ರಾನ್‌ಗಳಷ್ಟು ಹಿಗ್ಗುತ್ತವೆ, ಜಾಬ್‌ನ, ಅಂದರೆ ತಯಾರಾಗುತ್ತಿರುವ ಬಿಡಿಭಾಗದ ಅಳತೆಯೂ ಅಷ್ಟೇ ಸರಿಯುತ್ತದೆ. ಹೊಸ ಯಂತ್ರಗಳು ಇದನ್ನು ಸ್ವಲ್ಪಮಟ್ಟಿಗೆ ತಾವೇ ಸರಿದೂಗಿಸಿಕೊಳ್ಳುತ್ತವೆ. ಉಳಿದದ್ದನ್ನು, ಯಂತ್ರವನ್ನು ಕೆಲಸಕ್ಕೆ ಹೊಂದಿಸುವ ಸೆಟ್ಟರ್ ಮೈಕ್ರೋಮೀಟರಿನಲ್ಲಿ ಅಳೆದು, ಆಫ್‌ಸೆಟ್ (ಅಳತೆ ತಿದ್ದುವ ಅಂಕಿ) ಬದಲಿಸಿ ಸರಿಮಾಡುತ್ತಾನೆ. ಬೆಳಿಗ್ಗೆ ಆತ ಎಂಟು ಮೈಕ್ರಾನ್ ತಿದ್ದಿದ ಎಂದಿಟ್ಟುಕೊಳ್ಳಿ. ಯಂತ್ರಕ್ಕೆ ಜೋಡಿಸಿದ ಸಾಫ್ಟ್‌ವೇರ್ ಆ ಎಂಟು ಮೈಕ್ರಾನ್ ಅನ್ನೂ ತಿದ್ದಿದ ಹೊತ್ತನ್ನೂ ಚಾಚೂ ತಪ್ಪದೆ ದಾಖಲಿಸುತ್ತದೆ. ಏಕೆ ತಿದ್ದಿದ ಎಂಬುದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಯಂತ್ರ ಇನ್ನೂ ಬಿಸಿಯಾಗಿರಲಿಲ್ಲವೇ? ಲೋಹ ಕತ್ತರಿಸುವ ತುದಿಯಾದ ಇನ್ಸರ್ಟ್‌ನ ಅಂಚು ಸವೆದಿತ್ತೇ? ಬೇರೆ ಪೂರೈಕೆದಾರನಿಂದ ಬಂದ ಕಂಬಿ ತುಸು ಗಡಸಾಗಿತ್ತೇ? ಮೂರೂ ಬೇರೆ ಬೇರೆ ಕಾರಣಗಳು, ಮೂರಕ್ಕೂ ಮುಂದಿನ ಕ್ರಮ ಬೇರೆ. ದತ್ತಾಂಶದಲ್ಲಿ ಮೂರಕ್ಕೂ ಉಳಿಯುವುದು ಒಂದೇ ಅಂಕಿ. ಅಂಥ ಅಂಕಿಗಳನ್ನು ಉಣಿಸಿ ಬೆಳೆಸಿದ ಅಲ್ಗಾರಿದಂ ಮೂರು ಕಾರಣಗಳ ಸರಾಸರಿಯನ್ನು ಕಲಿಯುತ್ತದೆ, ಅದು ಯಾವೊಂದಕ್ಕೂ ಸರಿಯಾದ ಉತ್ತರವಾಗಿರುವುದಿಲ್ಲ.

ಕಾರಣವನ್ನೂ ದಾಖಲಿಸಲು ವ್ಯವಸ್ಥೆ ಇಲ್ಲವೆಂದಲ್ಲ. ಯಂತ್ರ ನಿಂತಾಗಲೆಲ್ಲ ಪರದೆಯ ಮೇಲೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ, ಆಪರೇಟರ್ ಅದರಲ್ಲಿ ಕಾರಣ ಆರಿಸಬೇಕು. ಶಿಫ್ಟ್‌ನ ಗುರಿ ಮುಟ್ಟುವ ಒತ್ತಡದಲ್ಲಿರುವ ಆಪರೇಟರ್ ಪಟ್ಟಿಯ ಮೊದಲ ಸಾಲನ್ನೋ ಕೊನೆಯಲ್ಲಿರುವ ‘ಇತರೆ’ಯನ್ನೋ ಒತ್ತಿ ಕೆಲಸಕ್ಕೆ ಮರಳುತ್ತಾನೆ. ತಪ್ಪು ತನ್ನ ಮೇಲೆ ಬರಬಹುದೆಂಬ ಅಳುಕಿದ್ದರಂತೂ ನಿಜವಾದ ಕಾರಣ ಎಂದಿಗೂ ಪಟ್ಟಿಗೆ ಬರುವುದಿಲ್ಲ. ತಿಂಗಳ ಕೊನೆಗೆ ವ್ಯವಸ್ಥಾಪಕರ ಮುಂದೆ ಬಣ್ಣದ ನಕ್ಷೆ ಮೂಡುತ್ತದೆ, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ‘ಇತರೆ’ಯದಾಗಿರುತ್ತದೆ. ಸಾಫ್ಟ್‌ವೇರ್‌ಗೆ ಸುರಿದ ಹಣ ಎಲ್ಲಿ ಸೋರಿಹೋಗುತ್ತದೆ ಎಂದು ಹುಡುಕುವವರು ಮೊದಲು ಈ ಪಟ್ಟಿಯನ್ನು ನೋಡಬೇಕು.

ಲೋಹ ಕರಗಿಸಿ ಎರಕ ಹೊಯ್ಯುವ ಬೆಳಗಾವಿಯ ಫೌಂಡ್ರಿಗಳ ಮರಳಿನ ವಿಷಯವೂ ಹೀಗೆಯೇ. ಅಚ್ಚಿನ ಮರಳಿನಲ್ಲಿ ತೇವ ಸಾಮಾನ್ಯವಾಗಿ ಶೇ. 3ರಿಂದ 4ರಷ್ಟಿರಬೇಕು. ಹೆಚ್ಚಾದರೆ ಎರಕದಲ್ಲಿ ಗಾಳಿಗುಳ್ಳೆ, ಕಡಿಮೆಯಾದರೆ ಅಚ್ಚು ಉದುರುತ್ತದೆ. ಹಿಡಿ ಮರಳನ್ನು ಅದುಮಿ, ಮುರಿದು, ಮುರಿದ ಅಂಚು ಹೇಗಿದೆ ಎಂದು ನೋಡಿ ನೀರು ಸಾಕೋ ಬೇಕೋ ಹೇಳುವ ಮೋಲ್ಡರ್‌ಗಳಿದ್ದಾರೆ. ತೇವ ಅಳೆಯುವ ಸೆನ್ಸರ್ ಅವರಿಗಿಂತ ನಿಖರವಾಗಿ ಅಂಕಿ ಕೊಡುತ್ತದೆ. ಆದರೆ ಆ ಹಿಡಿಯಲ್ಲಿ ಅವರು ತೇವದ ಜೊತೆಗೆ ಮರಳಿನ ಬಿಸಿಯನ್ನೂ ಜೇಡಿಯ ಅಂಟನ್ನೂ ಬಿಸಿಗೆ ಅಂಟು ಕಳೆದುಕೊಂಡ ಸತ್ತ ಪುಡಿಯ ಪ್ರಮಾಣವನ್ನೂ ಒಟ್ಟಿಗೆ ಗ್ರಹಿಸುತ್ತಾರೆ. ಸೆನ್ಸರ್ ಬಂದ ಮೇಲೆ ಅವರನ್ನು ಮನೆಗೆ ಕಳಿಸುವುದೋ, ಸೆನ್ಸರ್‌ನ ಅಂಕಿಯನ್ನೂ ಅವರ ತೀರ್ಪನ್ನೂ ಆರು ತಿಂಗಳು ಅಕ್ಕಪಕ್ಕ ಬರೆದಿಟ್ಟು ಎರಡೂ ಎಲ್ಲಿ ಬೇರೆಯಾಗುತ್ತವೆ ಎಂದು ಕಲಿಯುವುದೋ? ಎರಡನೆಯ ದಾರಿ ಹಿಡಿಯುವ ಕಂಪನಿಗೆ ಮಾತ್ರ ಹೊಸ ತಿಳಿವಳಿಕೆ ದಕ್ಕುತ್ತದೆ.

ಯಾರ ವಾದ ಏನು?

ಎಲ್ಲವನ್ನೂ ಸಾಫ್ಟ್‌ವೇರ್‌ಗೆ ಇಳಿಸಬಹುದು ಎಂಬ ವಾದಕ್ಕೆ ಕೃತಕ ಬುದ್ಧಿಮತ್ತೆಯಿಂದ ಹೊಸ ಬಲ ಬಂದಿದೆ. ಸೀಮೆನ್ಸ್ ಮತ್ತು ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಕಾರ್ಖಾನೆಗಳಿಗಾಗಿ ಕೋಪೈಲಟ್ ಎಂಬ ಸಹಾಯಕ ಸಾಫ್ಟ್‌ವೇರ್ ಒಂದನ್ನು ಘೋಷಿಸಿದವು. ಯಂತ್ರ ನಿಯಂತ್ರಣದ ಕೋಡ್ ಬರೆಯಲು, ದೋಷದ ಕಾರಣ ಹುಡುಕಲು ಅದು ಎಂಜಿನಿಯರುಗಳಿಗೆ ನೆರವಾಗುತ್ತದೆ. ಬೇರಿಂಗ್ ತಯಾರಿಸುವ ಶೆಫ್ಲರ್ ಕಂಪನಿ ಅದನ್ನು ಮೊದಲು ಬಳಸಿದವರಲ್ಲಿ ಒಂದು. ನಿವೃತ್ತಿಯ ಅಂಚಿನಲ್ಲಿರುವ ಹಿರಿಯರ ದುರಸ್ತಿ ಟಿಪ್ಪಣಿಗಳು, ಹಳೆಯ ದೂರುಗಳು, ಕೈಪಿಡಿಗಳು ಇವನ್ನೆಲ್ಲ ಉಣಿಸಿದರೆ ಹೊಸಬನೂ ಅರ್ಧ ರಾತ್ರಿಯಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯಬಹುದು ಎಂಬುದು ಈ ಪಕ್ಷದ ನಿಲುವು. ಇದರಲ್ಲಿ ಸತ್ಯವಿದೆ. ನಮ್ಮ ಶಾಪ್‌ಫ್ಲೋರ್‌ಗಳಲ್ಲಿ ಕೈಪಿಡಿ ಇಂಗ್ಲಿಷಿನಲ್ಲಿದ್ದು ಮಾತು ಕನ್ನಡ, ಹಿಂದಿ, ಒಡಿಯಾಗಳಲ್ಲಿ ನಡೆಯುವುದರಿಂದ, ಆಡುವ ಭಾಷೆಯಲ್ಲೇ ಉತ್ತರ ಕೊಡುವ ಸಾಧನ ದೊಡ್ಡ ಉಪಕಾರವಾಗಬಲ್ಲದು. ಆದರೆ ಯಾರೂ ಬರೆದಿಡದೇ ಇದ್ದುದನ್ನು ಯಾವ ಕೋಪೈಲಟ್ ಕೂಡ ಹೇಳಲಾರದು.

ಟೊಯೋಟಾದ ನಿಲುವು ಬೇರೆ. ಹದಿಹರೆಯದಲ್ಲೇ ಕಂಪನಿಯ ತರಬೇತಿ ಶಾಲೆಗೆ ಸೇರಿ, ಫೋರ್ಜಿಂಗ್ ವಿಭಾಗದಲ್ಲಿ ಕೈಕೆಲಸ ಮಾಡಿ, ಮುಂದೆ ಕಾರ್ಯನಿರ್ವಾಹಕ ಉಪಾಧ್ಯಕ್ಷ ಹುದ್ದೆಗೇರಿದ ಮಿತ್ಸುರು ಕವಾಯಿ, ರೋಬೋಟ್‌ಗಳು ಮಾಡುತ್ತಿದ್ದ ಕೆಲವು ಕೆಲಸಗಳನ್ನು ಮತ್ತೆ ಮನುಷ್ಯರ ಕೈಗೆ ಕೊಡಿಸಿದರು. ರೋಬೋಟ್ ತಾನಾಗಿ ಸುಧಾರಿಸುವುದಿಲ್ಲ, ಕೆಲಸವನ್ನು ಕೈಯಾರೆ ಬಲ್ಲವರು ಮಾತ್ರ ಅದನ್ನು ಸುಧಾರಿಸಬಲ್ಲರು ಎಂಬುದು ಅವರ ತರ್ಕ. ಹೀಗೆ ಕಲಿತವರು ಸೂಚಿಸಿದ ಬದಲಾವಣೆಗಳಿಂದ ಕ್ರ್ಯಾಂಕ್‌ಶಾಫ್ಟ್ ತಯಾರಿಕೆಯಲ್ಲಿ ಪೋಲಾಗುತ್ತಿದ್ದ ಲೋಹ ಸುಮಾರು ಶೇ. 10ರಷ್ಟು ಇಳಿಯಿತೆಂದು 2014ರಲ್ಲಿ ವರದಿಯಾಗಿತ್ತು. ಬಿಡದಿಯಲ್ಲಿಯೂ ಟೊಯೋಟಾ 2007ರಿಂದ ತನ್ನದೇ ತಾಂತ್ರಿಕ ತರಬೇತಿ ಶಾಲೆ ನಡೆಸುತ್ತಿದೆ, ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳು ಅಲ್ಲಿ ಕಲಿಯುತ್ತಾರೆ. ಈ ದಾರಿಗೆ ಸಮಯ ಬೇಕು, ಹಣವೂ ಬೇಕು. ಮುಂದಿನ ಮೂರು ತಿಂಗಳ ಫಲಿತಾಂಶದ ಮೇಲೆ ಕಣ್ಣಿಟ್ಟ ಕಂಪನಿಗೆ ಇದು ರುಚಿಸುವುದಿಲ್ಲ.

ತಿಳಿವಳಿಕೆಯನ್ನು ಯಂತ್ರ ಮಾರಿದವರಿಂದಲೇ ಬಾಡಿಗೆಗೆ ಪಡೆಯುವುದು ಇನ್ನೊಂದು ದಾರಿ. ವಾರ್ಷಿಕ ನಿರ್ವಹಣೆಯ ಕರಾರು ಮಾಡಿಕೊಂಡರೆ ಅವರೇ ದೂರದಿಂದ ಯಂತ್ರವನ್ನು ಗಮನಿಸುತ್ತಾರೆ, ಕೆಟ್ಟರೆ ಸರಿಪಡಿಸುತ್ತಾರೆ. ಸಣ್ಣ ಘಟಕಗಳಿಗೆ ಇದು ಸುಲಭ. ಆದರೆ ವರ್ಷಗಳು ಕಳೆದಂತೆ ಸ್ವಂತ ಮಂದಿಗೆ ಯಂತ್ರದ ಒಳಗು ಅಪರಿಚಿತವಾಗುತ್ತ ಹೋಗುತ್ತದೆ. ಮಾರಿದವನು ಬೆಲೆ ಏರಿಸಿದಾಗ ಅಥವಾ ಅವನ ದೇಶದ ಸರ್ಕಾರ ತಡೆದಾಗ ಕೈಚೆಲ್ಲಿ ಕೂರಬೇಕಾಗುತ್ತದೆ.

ಬಲ್ಲವನಿಗೇನು ಲಾಭ?

ಈ ಮೂರೂ ವಾದಗಳು ಒಂದು ಪ್ರಶ್ನೆಯನ್ನು ದಾಟಿಹೋಗುತ್ತವೆ. ತಾನು ಇಪ್ಪತ್ತು ವರ್ಷ ಬೆವರು ಸುರಿಸಿ ಕಲಿತದ್ದನ್ನು ಕೆಲಸಗಾರ ಕಂಪನಿಗೆ ಏಕೆ ಕೊಡಬೇಕು? ಕೆಲಸಗಾರರ ಬಳಿಯಿರುವ ಪಾರಂಪರಿಕ ತಿಳಿವಳಿಕೆಯನ್ನೆಲ್ಲ ಆಡಳಿತ ವರ್ಗ ಸಂಗ್ರಹಿಸಿ, ನಿಯಮಗಳನ್ನಾಗಿ ಮಾಡಬೇಕೆಂದು ಅಮೆರಿಕದ ಫ್ರೆಡರಿಕ್ ಟೇಲರ್ 1911ರಲ್ಲೇ ಪ್ರತಿಪಾದಿಸಿದ್ದರು. ಆಗಿನ ಕಾರ್ಮಿಕ ಸಂಘಟನೆಗಳು ಅದನ್ನು ವಿರೋಧಿಸಿದ್ದು ಅಜ್ಞಾನದಿಂದಲ್ಲ. ಗುಟ್ಟು ಕೈಬಿಟ್ಟ ಮೇಲೆ ತಮ್ಮ ಬೆಲೆ ಇಳಿಯುತ್ತದೆಂಬುದು ಅವರಿಗೆ ತಿಳಿದಿತ್ತು. ಇಂದು ಸೆಟ್ಟರ್‌ನ ಕೈಚಳಕವನ್ನು ಕ್ಯಾಮೆರಾದಲ್ಲಿ ಹಿಡಿದು ಅಲ್ಗಾರಿದಂಗೆ ಕಲಿಸಲು ಹೊರಟಾಗ ಅದೇ ಭಯ ಮರಳುತ್ತದೆ, ಅದು ಆಧಾರವಿಲ್ಲದ ಭಯವಲ್ಲ.

ಭಾರತದಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗಿದೆ. ಸಂಘಟಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿ ಗುತ್ತಿಗೆದಾರರ ಮೂಲಕ ಬಂದವರು ಎಂದು ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ತೋರಿಸುತ್ತದೆ. ಗುತ್ತಿಗೆಯವನು ಯಾವಾಗ ಬೇಕಾದರೂ ಹೊರಡಬೇಕಾಗಬಹುದು, ಆದ್ದರಿಂದ ಕಂಪನಿ ಅವನಿಗೆ ಆಳವಾಗಿ ಕಲಿಸುವುದಿಲ್ಲ. ಕಲಿಸದ ಕಾರಣ ಅವನು ಸುಲಭವಾಗಿ ಬದಲಿಸಬಹುದಾದವನಾಗಿಯೇ ಉಳಿಯುತ್ತಾನೆ. ಹಾಗಾಗಿ ಗುತ್ತಿಗೆಯೇ ಮುಂದುವರಿಯುತ್ತದೆ. ಹೀಗೆ ಸುತ್ತುವ ಚಕ್ರದ ನಡುವೆ ಕೋಟಿ ರೂಪಾಯಿಯ ಯಂತ್ರ ಕೂತಿರುತ್ತದೆ. ಎರಡು ವರ್ಷ ಅದರ ಮುಂದೆ ನಿಂತು ಅದರ ಸ್ವಭಾವ ಅರಿತವನು ಪಕ್ಕದ ಘಟಕದಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಸಿಕ್ಕಿತೆಂದು ಹೊರಟಾಗ, ಕಳೆದುಕೊಂಡದ್ದೇನೆಂದು ಕಂಪನಿಯ ಯಾವ ದಾಖಲೆಯೂ ಹೇಳುವುದಿಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಈ ಲೆಕ್ಕಾಚಾರವನ್ನು ತುಸು ಬದಲಿಸಬಹುದು. ನಿಗದಿತ ಅವಧಿಗೆ ನೇರವಾಗಿ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಬಂದಿದೆ. ಕಂಪನಿಯ ಮುಖ್ಯ ಚಟುವಟಿಕೆಯಲ್ಲಿ ಗುತ್ತಿಗೆ ಕಾರ್ಮಿಕರನ್ನು ಬಳಸುವುದಕ್ಕೆ, ವಿನಾಯಿತಿಗಳ ಸಹಿತ, ನಿಷೇಧವಿದೆ. ಗುತ್ತಿಗೆಯಿಂದ ನಿಗದಿತ ಅವಧಿಯ ನೇಮಕಕ್ಕೆ ಹೊರಳುವ ಕಂಪನಿ ಕನಿಷ್ಠ ತನ್ನ ಕೆಲಸಗಾರ ಯಾರೆಂದು ತಿಳಿದಿರುತ್ತದೆ, ಅವನಿಗೆ ಕಲಿಸಲು ಒಂದಷ್ಟು ಕಾರಣವೂ ಇರುತ್ತದೆ. ಇದೇ ಸಂಹಿತೆಗಳು ಕಾಯಂ ಉದ್ಯೋಗವನ್ನು ಸವೆಸುತ್ತವೆ ಎಂಬುದು ಕಾರ್ಮಿಕ ಸಂಘಟನೆಗಳ ಆಕ್ಷೇಪ. ಜ್ಞಾನದ ದೃಷ್ಟಿಯಿಂದಲೂ ಆ ಆಕ್ಷೇಪಕ್ಕೆ ತೂಕವಿದೆ. ಅವಧಿ ಮುಗಿದ ದಿನ ಹೊರಟವನ ಜೊತೆ ಅವನು ಕಲಿತದ್ದೂ ಹೋಗುತ್ತದೆ.

ಹೊರಟವನನ್ನು ಕಾನೂನಿನಿಂದ ಕಟ್ಟಿಹಾಕುವ ದಾರಿಯೂ ಹೆಚ್ಚು ತೆರೆದಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿಯ ಬಳಿ ಸೇರಬಾರದೆಂಬ ಕರಾರು ಅನೂರ್ಜಿತ. ವ್ಯಾಪಾರ ರಹಸ್ಯಗಳಿಗೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಅಂಥದ್ದೊಂದು ಬೇಕೆಂದು ಕಾನೂನು ಆಯೋಗ 2024ರ ಮಾರ್ಚ್‌ನ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿದೆ. ನಕ್ಷೆ, ಗ್ರಾಹಕರ ಪಟ್ಟಿ ಕದ್ದರೆ ಶಿಕ್ಷೆ ಇರಲಿ, ಅದು ನ್ಯಾಯ. ಆದರೆ ಕೈಯಲ್ಲಿ ಕಲಿತ ಕಸುಬು ಕೆಲಸಗಾರನದೇ ಆಗಿ ಉಳಿಯಬೇಕು. ಕಂಪನಿ ಅದನ್ನು ಉಳಿಸಿಕೊಳ್ಳಬೇಕಾದರೆ ಒಳ್ಳೆಯ ಸಂಬಳ, ಬಡ್ತಿ ಮತ್ತು ಮಾತಿಗೆ ಬೆಲೆ ಕೊಡುವುದರಿಂದ ಮಾತ್ರ ಉಳಿಸಿಕೊಳ್ಳಬೇಕು.

ದತ್ತಾಂಶದ ಕೀಲಿ ಯಾರ ಬಳಿ?

ಯಂತ್ರ ಓಡುವಾಗ ಹುಟ್ಟುವ ದತ್ತಾಂಶ ಯಂತ್ರ ಕೊಂಡವನದೋ ತಯಾರಿಸಿದವನದೋ ಎಂಬ ತಕರಾರು ಇದಕ್ಕೆ ಅಂಟಿಕೊಂಡೇ ಬಂದಿದೆ. ಯುರೋಪಿಯನ್ ಒಕ್ಕೂಟದ ಡೇಟಾ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿದ್ದು, ಜಾಲಕ್ಕೆ ಜೋಡಿಸಿದ ಉಪಕರಣದ ಬಳಕೆದಾರನಿಗೆ ಆ ದತ್ತಾಂಶವನ್ನು ಪಡೆಯುವ ಹಕ್ಕನ್ನು ಅದು ಕೊಡುತ್ತದೆ. ತಯಾರಕ ಯಾವ ದೇಶದವನೇ ಆಗಿರಲಿ, ಯುರೋಪಿನ ಮಾರುಕಟ್ಟೆಗೆ ಬಂದರೆ ಇದು ಅನ್ವಯ. ಬೆಂಗಳೂರಿನಿಂದ ಅಲ್ಲಿಗೆ ಯಂತ್ರ ಕಳಿಸುವವರೂ ಇದನ್ನು ಪಾಲಿಸಬೇಕು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿಗಳ ಮಾಹಿತಿಗೆ ಸಂಬಂಧಿಸಿದ್ದು, ಯಂತ್ರದ ದತ್ತಾಂಶ ಅದರ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಖರೀದಿ ಕರಾರಿನಲ್ಲಿ ಏನು ಬರೆದಿದೆಯೋ ಅದೇ ಅಂತಿಮ.

ಕಡೆಗಣಿಸಿದವರಿಗೆ ಏನಾಯಿತು

2019ರ ಮಾರ್ಚ್‌ನಲ್ಲಿ ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೊ ಮೇಲೆ ಸೈಬರ್ ದಾಳಿಯಾಯಿತು. 40 ದೇಶಗಳ 170 ಸ್ಥಳಗಳಲ್ಲಿ 22,000 ಕಂಪ್ಯೂಟರುಗಳು ಕೆಟ್ಟುನಿಂತವು. ಕಂಪನಿ ಒತ್ತೆಹಣ ಕೊಡಲು ಒಪ್ಪಲಿಲ್ಲ. ಎಷ್ಟೋ ಘಟಕಗಳು ಕಾಗದ, ಪೆನ್ನು ಹಿಡಿದು ಕೈಯಿಂದಲೇ ಉತ್ಪಾದನೆ ಮುಂದುವರಿಸಿದವು. ಕಂಪ್ಯೂಟರ್ ಬರುವ ಮೊದಲಿನ ವಿಧಾನ ಬಲ್ಲ ಹಿರಿಯರು, ನಿವೃತ್ತರೂ ಸೇರಿದಂತೆ, ನೆರವಿಗೆ ಬಂದರು. ಕಂಪನಿ ಆ ಹಿರಿಯರನ್ನು ಯಾವ ಯೋಜನೆಯಂತೆಯೂ ಕಾಪಿಟ್ಟಿರಲಿಲ್ಲ, ಅವರು ಬದುಕಿದ್ದರು ಮತ್ತು ಕರೆದಾಗ ಬಂದರು, ಅಷ್ಟೇ. ಇನ್ನು ಹತ್ತು ವರ್ಷ ಕಳೆದ ಮೇಲೆ ಇಂಥ ದಾಳಿಯಾದರೆ ಕರೆಯಲು ಯಾರಿರುತ್ತಾರೆ ಎಂಬುದನ್ನು ಪ್ರತಿಯೊಂದು ಡಿಜಿಟಲ್ ಕಾರ್ಖಾನೆಯೂ ಕೇಳಿಕೊಳ್ಳಬೇಕಾಗಿದೆ.

ಅಡಿಡಾಸ್‌ನ ಅನುಭವ ಬೇರೆ ರೀತಿಯದು. ರೋಬೋಟ್‌ಗಳಿಂದ ಬೂಟು ತಯಾರಿಸುವ ಎರಡು ಸ್ಪೀಡ್‌ಫ್ಯಾಕ್ಟರಿಗಳನ್ನು ಅದು ಜರ್ಮನಿಯ ಆನ್ಸ್‌ಬಾಕ್ ಮತ್ತು ಅಮೆರಿಕದ ಅಟ್ಲಾಂಟಾದಲ್ಲಿ ತೆರೆದಿತ್ತು. 2019ರ ನವೆಂಬರ್‌ನಲ್ಲಿ ಅವನ್ನು ಮುಚ್ಚುವುದಾಗಿ ಹೇಳಿ, ಅಲ್ಲಿನ ತಂತ್ರಜ್ಞಾನವನ್ನು ಏಷ್ಯಾದ ಪೂರೈಕೆದಾರರಲ್ಲಿ ಬಳಸಲು ನಿರ್ಧರಿಸಿತು. ಬೂಟು ಮಾಡುವ ಕಸುಬು, ಅದರ ಸುತ್ತಲಿನ ಪೂರೈಕೆಯ ಜಾಲ ಎಲ್ಲವೂ ಇದ್ದುದು ಏಷ್ಯಾದಲ್ಲಿ. ಕೊನೆಗೆ ಯಂತ್ರವೇ ಕಸುಬಿದ್ದ ಕಡೆಗೆ ಪ್ರಯಾಣ ಮಾಡಿತು.

ಪೀಣ್ಯದ ಮುಂದಿರುವ ಹಾದಿ

ಕರ್ನಾಟಕಕ್ಕೆ ಇದು ಹೊಸ ಪಾಠವಲ್ಲ. 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಕಂಪನಿ, ಯಂತ್ರಗಳ ಜೊತೆಗೆ ಕೆಲಸಗಾರರನ್ನೂ ತಯಾರು ಮಾಡಿತು. ಅಲ್ಲಿಯೂ ಇತರ ಸಾರ್ವಜನಿಕ ಉದ್ಯಮಗಳಲ್ಲಿಯೂ ಪಳಗಿದವರು ಹೊರಬಂದು ಹಾಕಿದ ಸಣ್ಣ ಶೆಡ್ಡುಗಳು ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಲು ದೊಡ್ಡ ಕಾರಣ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಚ್ಚು ಮತ್ತು ಉಪಕರಣ ತಯಾರಿಸುವ ಟೂಲ್‌ರೂಂ ಕಸುಬನ್ನು ತಲೆಮಾರುಗಳಿಗೆ ಕಲಿಸಿದೆ. ಕೇಂದ್ರ ಸರ್ಕಾರದ ಸಮರ್ಥ ಉದ್ಯೋಗ್ ಯೋಜನೆಯ ಸ್ಮಾರ್ಟ್ ತಯಾರಿಕಾ ಕೇಂದ್ರಗಳಲ್ಲಿ ಎರಡು ಬೆಂಗಳೂರಿನಲ್ಲೇ ಇವೆ, ಒಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇನ್ನೊಂದು ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆಯಲ್ಲಿ. ನರಸಾಪುರದ ಐಫೋನ್ ಘಟಕ ಟಾಟಾ ಕೈಗೆ ಬಂದಿದೆ, ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಉತ್ಪಾದನೆ ಶುರುವಾಗಿದೆ. ಹಾಗಾಗಿ ಕಲಿಯಲು ಜಾಗಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಕಲಿಕೆಯನ್ನು ಲೆಕ್ಕಕ್ಕೆ ಹಿಡಿಯುವ ರೀತಿಯಲ್ಲಿ.

ಪೀಣ್ಯದ ಎಷ್ಟೋ ಘಟಕಗಳ ಗೋಡೆಯ ಮೇಲೆ ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001 ಪ್ರಮಾಣಪತ್ರವಿದೆ. ಅದರ 2015ರ ಆವೃತ್ತಿಯ 7.1.6ನೇ ಕಲಮು, ಕೆಲಸಕ್ಕೆ ಬೇಕಾದ ತಿಳಿವಳಿಕೆ ಯಾವುದೆಂದು ಸಂಸ್ಥೆ ಗುರುತಿಸಬೇಕು, ಕಾಪಾಡಬೇಕು, ಬೇಕಾದವರಿಗೆ ಸಿಗುವಂತೆ ಮಾಡಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಒಂದು ಕಡತ ತೋರಿಸಿ ಮುಗಿಸುವುದು ಸುಲಭ, ಆದರೆ ನಿಜವಾಗಿ ಪಾಲಿಸಿದರೆ ಈ ಲೇಖನದ ಅರ್ಧ ಸಮಸ್ಯೆಗೆ ಅಲ್ಲೇ ಪರಿಹಾರವಿದೆ. ಲೆಕ್ಕಪತ್ರದ ನಿಯಮವೂ ಕಲಿಕೆಗೆ ಅನುಕೂಲವಾಗಿಲ್ಲ. ಐದು ಅಕ್ಷಗಳ ಯಂತ್ರ ಕೊಂಡರೆ ಅದು ಆಸ್ತಿಯೆಂದು ದಾಖಲಾಗುತ್ತದೆ, ಅದರ ಮೇಲೆ ಬ್ಯಾಂಕ್ ಸಾಲವೂ ಬಂಡವಾಳ ಸಹಾಯಧನವೂ ಸಿಗುತ್ತವೆ. ಅದನ್ನು ಓಡಿಸಲು ಇಬ್ಬರನ್ನು ಆರು ವಾರ ತರಬೇತಿಗೆ ಕಳಿಸಿದರೆ ಆ ಹಣ ಭಾರತೀಯ ಲೆಕ್ಕ ಮಾನದಂಡ 38ರ ಪ್ರಕಾರ ಆ ವರ್ಷದ ಖರ್ಚು, ಲಾಭದಿಂದ ಕಳೆದುಹೋಗುವ ಮೊತ್ತ. ಮಾರಾಟ ಇಳಿದ ವರ್ಷ ಮೊದಲು ಕತ್ತರಿ ಬೀಳುವುದು ಇದಕ್ಕೇ.

ರಾಜ್ಯ ಸರ್ಕಾರ ಯಂತ್ರಕ್ಕೆ ಕೊಡುವ ಸಹಾಯಧನದ ಒಂದು ಪಾಲನ್ನು ಅದರ ಮೇಲೆ ನಡೆದ ತರಬೇತಿಯ ಗಂಟೆಗಳಿಗೆ ಜೋಡಿಸಬಹುದು. ಕಂಪನಿಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಯಂತ್ರ ಕೊಳ್ಳುವಾಗ ಸಾಮಾನ್ಯವಾಗಿ ಬೆಲೆಯ ಒಂದು ಕಂತನ್ನು ಯಂತ್ರ ಸರಿಯಾಗಿ ಓಡಿದ ಮೇಲೆ ಕೊಡುವ ರೂಢಿಯಿದೆ. ಆ ಕಂತನ್ನು, ತಮ್ಮದೇ ಸೆಟ್ಟರ್ ಮಾರಾಟಗಾರರ ನೆರವಿಲ್ಲದೆ ಹೊಸ ಜಾಬ್ ಒಂದನ್ನು ಸೆಟ್ ಮಾಡಿ ತೋರಿಸಿದ ಮೇಲೆಯೇ ಕೊಡುವುದಾಗಿ ಬರೆಸಿಕೊಳ್ಳಬಹುದು. ಕೈಪಿಡಿ ಯಾವ ಭಾಷೆಯಲ್ಲಿರಬೇಕು, ಯಾವ ಪ್ಯಾರಾಮೀಟರುಗಳನ್ನು ನಾವೇ ಬದಲಿಸಬಹುದು, ದತ್ತಾಂಶ ಯಾರಿಗೆ ಸೇರುತ್ತದೆ ಎಂಬುದನ್ನೂ ಅದೇ ಕಾಗದದಲ್ಲಿ ಸೇರಿಸಬಹುದು. ಖರೀದಿ ವಿಭಾಗದವರು ಬೆಲೆ ಮಾತಾಡಲು ಕೂರುವಾಗ ಆ ಯಂತ್ರದ ಮುಂದೆ ನಿಲ್ಲಬೇಕಾದ ಸೆಟ್ಟರನ್ನೂ ಕೂರಿಸಿಕೊಂಡರೆ, ಯಾವ ಷರತ್ತು ಬೇಕು, ಯಾವುದು ಬೇಡ ಎಂಬುದನ್ನು ಅವರೇ ಹೇಳುತ್ತಾರೆ.